ಎಲೆ ಎತ್ತಿದ ಬೀಗಿತ್ತಿ

ದುರ್ಗಮ್ಮನ ಮನೆಯಲ್ಲಿ ಉಂಡವರು ಅವರವರ ತಟ್ಟೆ ಅವರವರೇ ತೊಳೆದಿಡಬೇಕು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಆ ಸಾಲಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಕಾಯಿಲೆಯವರಿಗೆ, ಬಾಣಂತಿಯರಿಗೆ, ನಲ್ಲಿ ಎಟುಕದ ಮಕ್ಕಳಿಗೆ ಮಾತ್ರ ರಿಯಾಯಿತಿ. ಗಂಡಸಾಗಿರುವುದನ್ನು ಅವಳು ಕಾಯಿಲೆಗಳ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಇದನ್ನು ಅವಳು ಯಾವ ಭಾಷಣ ಕೇಳಿಯೂ ಕಲಿತದ್ದಲ್ಲ. ಶಿವಮೊಗ್ಗದ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಅವಳು ಅಡುಗೆಯವಳು. ಬೆಳಗಿನ ಮೊದಲ ಬಸ್ಸಿಗೆ ಹೋಗಿ ದೊಡ್ಡ ಹಂಡೆಯಲ್ಲಿ ಸಾರು ಕುದಿಸಿ, ಸಂಜೆ ಬಸ್ಸಿಗೆ ನೇತಾಡಿಕೊಂಡು ಬಂದು ಮನೆಯಲ್ಲಿ ಸಣ್ಣ ಪಾತ್ರೆಯಲ್ಲಿ ಸಾರು ಕುದಿಸುತ್ತಿದ್ದಳು. ಒಂದು ಅಡುಗೆಮನೆಯಿಂದ ಸಂಬಳ ಬರುತ್ತಿತ್ತು. ಇನ್ನೊಂದರಿಂದ, ಉಪ್ಪು ಸ್ವಲ್ಪ ಮುಂದಾಯ್ತು ಎಂಬ ಮಾತು ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೀಗೇ ಒಂದು ಸಂಜೆ ಬಂದಾಗ, ಮಧ್ಯಾಹ್ನ ಉಂಡ ಗಂಡನ ತಟ್ಟೆ ಉಂಡ ಜಾಗದಲ್ಲೇ ಒಣಗಿಕೊಂಡು ಕೂತಿತ್ತು. ದುರ್ಗಮ್ಮ ರಾತ್ರಿ ಊಟಕ್ಕೆ ಅದೇ ತಟ್ಟೆಯನ್ನು ಮುಂದಿಟ್ಟು, ಒಣಗಿದ ಸಾರಿನ ಮೇಲೆಯೇ ಬಿಸಿ ಅನ್ನ ಬಡಿಸಿದಳು.

"ಇದೇನೇ ಇದು?" ಎಂದ ಮಾರಪ್ಪ.

"ನಿಮ್ದೇ ತಟ್ಟೆ. ನಿಮ್ದೇ ಸಾರು. ಬೇರೆಯವರ್ದೇನಲ್ವಲ್ಲ."

ಮಾರಪ್ಪ ಕಾರ್ಖಾನೆಯ ಗೇಟಿನ ಮುಂದೆ ನಿಂತು ಎಲ್ಲ ಕಾರ್ಮಿಕರೂ ಸಮಾನರು ಎಂದು ಕೂಗುತ್ತಿದ್ದ ಮನುಷ್ಯ. ಮನೆಯ ಬಾಗಿಲು ದಾಟಿದರೆ ಬೇರೆ ಕಾನೂನು ಎಂದುಕೊಂಡಿದ್ದ. ಆ ರಾತ್ರಿಯಿಂದ ಎರಡೂ ಕಡೆ ಒಂದೇ ಕಾನೂನಾಯಿತು. ಅವನ ತಮ್ಮ ಜನಾರ್ದನ ಮಾತ್ರ, ಅತ್ತಿಗೆ ಮನೆಯಲ್ಲಿ ಉಣ್ಣುವುದೆಂದರೆ ಹೋಟೆಲಿನ ಕ್ಲೀನರ್ ಕೆಲಸಕ್ಕೆ ಸೇರಿದಂತೆ ಎಂದು ಮುನಿಸಿಕೊಂಡು ಹೋದ. ಅವನ ಹೆಂಡತಿ ತವರಿಗೆ ಹೋದ ವಾರ ಹಸಿದು ಬಂದು, ಉಂಡು, ಸದ್ದಿಲ್ಲದೆ ತೊಳೆದಿಟ್ಟ.

ಹಾಸ್ಟೆಲಿನಲ್ಲೂ ಇದೇ ನಡೆಯುತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರು ಒಂದು ಸೌಟು ಪಲ್ಯ ಹೆಚ್ಚು ಸಿಕ್ಕೀತೆಂದು, "ಕೊಡಿ ದುರ್ಗಮ್ಮ, ನಿಮ್ಮ ತಟ್ಟೆ ನಾವು ತೊಳೀತೀವಿ" ಎಂದು ಬಂದರೆ, ಅವಳು ತಟ್ಟೆಯನ್ನು ಎದೆಗವಚಿಕೊಂಡು ಎದ್ದು ಹೋಗುತ್ತಿದ್ದಳು. ನಿಯಮದಿಂದ ತನಗೇ ಲಾಭ ತಪ್ಪಿದಾಗಲೂ ಅವಳು ಅದನ್ನು ಬಿಡುತ್ತಿರಲಿಲ್ಲ. ಇದನ್ನು ಯಾರೂ ಅಷ್ಟಾಗಿ ಗಮನಿಸಿರಲಿಲ್ಲ, ಮಗನ ಸಂಬಂಧ ಕುದುರುವವರೆಗೆ.

ಮಗ ಆನಂದ್ ಶಿವಮೊಗ್ಗದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಅಲ್ಲೇ ಒಂದು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದ ಇಂಪನಾ ಎಂಬ ಹುಡುಗಿಯನ್ನು ದಿನಾ ಬಸ್ಸಿನಲ್ಲಿ ನೋಡಿ, ಮಾತಾಡಿ, ಕೊನೆಗೆ ಮನೆಯಲ್ಲಿ ಹೇಳಿದ. ಜಾತಿ ಕೂಡಿತು, ಜಾತಕ ಹೇಗೋ ಕೂಡಿತು. ಹುಡುಗಿಯ ತಂದೆ ಸಿದ್ದಯ್ಯನವರು ಹೊಳೆಹೊನ್ನೂರಿನಲ್ಲಿ ಗದ್ದೆ, ಮನೆ ಇದ್ದ ಗಟ್ಟಿ ಕುಳ. ಎರಡು ಸಾವಿರದ ಒಂದರ ಬೇಸಿಗೆಯಲ್ಲಿ, ಮಾತು ಮುಗಿಸಲು ಊಟಕ್ಕೆ ಕರೆದರು.

ಜನಾರ್ದನನನ್ನೂ ಕರೆದುಕೊಂಡು ಬಾಡಿಗೆ ಮೆಟಡಾರ್‌ನಲ್ಲಿ ಹೋಗುವಾಗ ಆನಂದ್ ತಾಯಿಯ ಪಕ್ಕಕ್ಕೆ ಬಂದು ಕೂತ.

"ಅಮ್ಮ, ಇವತ್ತೊಂದಿನ ಸುಮ್ನೆ ಎಲೆ ಬಿಟ್ಟು ಎದ್ಬಿಡು. ಅವರು ಹಳೇ ಕಾಲದ ಜನ."

"ನಾನು ಅಲ್ಲಿ ಯಾರಿಗೂ ಏನೂ ಹೇಳಲ್ಲ ಕಣೋ. ನಮ್ಮನೇಲಿ ಎಲ್ಲರಿಗೂ ಹೇಳ್ತೀನಿ. ಅವರ ಮನೇಲಿ ನನಗೆ ಮಾತ್ರ ಹೇಳ್ಕೋತೀನಿ."

"ಅದೇ ಬೇಡ ಅಂದಿದ್ದು ಮಾರಾಯ್ತಿ" ಎಂದ ಮಾರಪ್ಪ ಮುಂದಿನ ಸೀಟಿನಿಂದ. "ಈಗ ನೀನು ಗಂಡಿನ ತಾಯಿ. ದೇವರ ಹಾಗೆ ಕೂತು ಪೂಜೆ ಮಾಡಿಸ್ಕೊಳೋ ದಿನ."

"ದೇವರಿಗೆ ಕೈ ಜಾಸ್ತಿ ಇರ್ತಾವೆ ಕಣ್ರಿ. ಒಂದೆಲೆ ಎತ್ತಕ್ಕೆ ಕಷ್ಟ ಏನು?"

ಸಿದ್ದಯ್ಯನವರ ಪಡಸಾಲೆಯಲ್ಲಿ ಗಂಡಿನ ಕಡೆಯವರದು ಮೊದಲ ಪಂಕ್ತಿ. ಹೋಳಿಗೆ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. ಬೆಳಗಿನ ಜಾವದಿಂದ ಒಲೆಯ ಮುಂದಿದ್ದ ಇಂಪನಾಳ ತಾಯಿ ನಂಜಮ್ಮ ಬಾಗಿ ಬಾಗಿ ಬಡಿಸುತ್ತಿದ್ದಳು. ಆಕೆಯ ಬಾಯಿಗೆ ಇನ್ನೂ ಒಂದು ತುತ್ತೂ ಬಿದ್ದಿಲ್ಲವೆಂಬುದು ದುರ್ಗಮ್ಮನಿಗೆ ಆ ನಡಿಗೆಯಲ್ಲೇ ತಿಳಿಯಿತು. ದುರ್ಗಮ್ಮ ಎರಡು ಹೋಳಿಗೆ ಕೇಳಿ ಹಾಕಿಸಿಕೊಂಡಳು, ಮೆಚ್ಚಿ ಉಂಡಳು. ಎಲೆಯನ್ನು ಮಡಿಸಿ, ಎತ್ತಿಕೊಂಡು, ಹಿತ್ತಲಿಗೆ ನಡೆದಳು.

ಪಡಸಾಲೆಯ ಕಣ್ಣುಗಳೆಲ್ಲ ಆ ಎಲೆಯ ಹಿಂದೆಯೇ ಹೋದವು.

ಆ ಮನೆಯಲ್ಲಿ ಒಂದು ಶಾಸ್ತ್ರವಿತ್ತು. ಬೀಗರು ಉಂಡ ಎಲೆಯನ್ನು ಹೆಣ್ಣಿನ ಮನೆಯವರು ಎತ್ತಬೇಕು. ಆಮೇಲೆ ತಾಂಬೂಲ ಬದಲಾದರೆ ಮಾತು ಗಟ್ಟಿ. ಬೀಗರು ಎಲೆಯನ್ನು ತಾವೇ ಎತ್ತಿಕೊಂಡು ಎದ್ದರೆ, ನಿಮ್ಮ ಋಣ ನಮಗೆ ಬೇಡ, ಹೆಣ್ಣೂ ಬೇಡ ಎಂದರ್ಥ. ಸಿದ್ದಯ್ಯನವರ ತಂಗಿಯ ಸಂಬಂಧ ಹಿಂದೆ ಹಾಗೆಯೇ ಮುರಿದಿತ್ತಂತೆ. ದುರ್ಗಮ್ಮ ಇದನ್ನು ಕೇಳಿಯೇ ಇರಲಿಲ್ಲ.

ಅವಳು ಕೈ ತೊಳೆದು ತಿರುಗುವಷ್ಟರಲ್ಲಿ ಸಿದ್ದಯ್ಯನವರ ಅಕ್ಕ ಹಾಲಮ್ಮ ಹಿತ್ತಲ ಬಾಗಿಲಿಗೆ ಅಡ್ಡ ನಿಂತಿದ್ದರು.

"ಸಂಬಂಧ ಬೇಡದಿದ್ರೆ ಬಾಯಲ್ಲಿ ಹೇಳ್ಬಹುದಿತ್ತು ಬೀಗಿತ್ತಿ. ಉಂಡು ಹೀಗೆ ಮಾಡಬಾರದಿತ್ತು."

"ಬೇಡ ಅಂದೋರು ಎರಡು ಹೋಳಿಗೆ ಕೇಳಿ ಹಾಕಿಸ್ಕೋತಾರಾ ಹಾಲಮ್ಮೋರೆ? ನನ್ನ ಎಲೆ ನಾನು ಎತ್ತೋದು ನನ್ನ ರೂಢಿ. ಹುಡುಗಿ ನಮಗೆ ಬೇಕು. ಬಾಯಲ್ಲೇ ಹೇಳ್ತಿದೀನಿ."

ಒಳಗೆ ಸಿದ್ದಯ್ಯನವರು ತಾಂಬೂಲದ ತಟ್ಟೆಯನ್ನು ದೇವರ ಗೂಡಿಗೆ ವಾಪಸ್ ಇಟ್ಟಾಗಿತ್ತು. ರೂಢಿಯ ವಿಷಯ ಕೇಳಿ ಸ್ವಲ್ಪ ಇಳಿದರು. ಆದರೆ ದೋಷ ಕಳೆಯಬೇಕು: ಬೀಗಿತ್ತಿ ಹೊಸ ಎಲೆಯ ಮುಂದೆ ಕೂತು, ಒಂದು ತುತ್ತು ಸಿಹಿ ತಿಂದು, ಎಲೆ ಬಿಟ್ಟು ಏಳಲಿ. ಇಲ್ಲವೆಂದರೆ ಮಾತು ಇಲ್ಲಿಗೇ ನಿಂತಿತು.

ಆನಂದ್ ತಾಯಿಯನ್ನು ಜಗಲಿಯ ಮೂಲೆಗೆ ಎಳೆದುಕೊಂಡು ಹೋದ. "ಒಂದು ತುತ್ತು ಅಮ್ಮ. ನನ್ನ ಜೀವನ."

"ಊಟ ಬೇಕಾದ್ರೆ ಇನ್ನೊಂದು ಸಲ ಮಾಡ್ತೀನಿ. ಬಿಟ್ಟು ಏಳೋದು ಆಗಲ್ಲ ಕಣೋ. ನಾಳೆ ಹಾಸ್ಟೆಲಲ್ಲಿ ಆ ಹುಡುಗೀರಿಗೆ ಯಾವ ಬಾಯಲ್ಲಿ ಹೇಳ್ಲಿ?"

"ಇಲ್ಲಿ ನಡೆದಿದ್ದು ಅಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನಾನೂ ಹೋಗಿರ್ತೀನಲ್ಲ ಅಲ್ಲಿಗೆ."

ಅವಳ ದನಿ ಏರಲಿಲ್ಲ, ಮುಖ ಬಾಡಲೂ ಇಲ್ಲ. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಮಗನ ಸುಖ ಅವಳಿಗೆ ಬೇಡವಾಗಿತ್ತು ಎಂದು ಯಾರೂ ಹೇಳಲಾರರು.

ತಾಯಿ ಮಗ ಒಳಗೆ ಬರುವಷ್ಟರಲ್ಲಿ ಇಂಪನಾ ಪಡಸಾಲೆಗೆ ಬಂದಳು. ಹೆಣ್ಣುಮಗಳು ಕರೆಯದೆ ಬರಬಾರದ ಹೊತ್ತು ಅದು. ಪಂಕ್ತಿಯಲ್ಲಿ ಉಳಿದ ಎಲೆಗಳು ಹಾಗೇ ಇದ್ದವು. ಅವಳು ಒಂದು ಎಲೆಯ ಮುಂದೆ ನಿಂತಳು. ಅದರಲ್ಲಿ ಚಿತ್ರಾನ್ನದ ಮೆಣಸಿನಕಾಯಿಗಳೆಲ್ಲ ಒಂದು ಮೂಲೆಗೆ ಸೇರಿದ್ದವು.

"ಇದು ನಿಮ್ದಾ?" ಎಂದು ಕೇಳಿದಳು ಆನಂದನನ್ನು.

ಅವನು ತಲೆಯಾಡಿಸಿದ.

"ಮನೇಲಿ ನಮ್ಮ ತಟ್ಟೆ ನಾವೇ ತೊಳೀತೀವಿ ಅಂತ ಬಸ್ಸಲ್ಲಿ ಹೇಳ್ತಿದ್ರಿ. ಅದನ್ನ ಕೇಳೇ ನಾನು ಅಪ್ಪನ ಹತ್ರ ಮಾತಾಡಿದ್ದು. ಅದು ನಿಜಾನಾ, ಇದು ನಿಜಾನಾ?"

"ಅದೇ ನಿಜ. ಇವತ್ತು ನಿಮ್ಮನೇಲಿ, ಹಿರಿಯರಿಗೆ ಬೇಜಾರಾಗಬಾರ್ದು ಅಂತ..."

"ಮದುವೆ ಆದ್ಮೇಲೆ ದಿನಾ ಯಾರಾದ್ರೂ ಹಿರಿಯರು ಇರ್ತಾರೆ."

ಸಿದ್ದಯ್ಯನವರು, "ಒಳಗೆ ಹೋಗೇ" ಎಂದರು. ಅವಳು ಹೋಗಲಿಲ್ಲ. ಆನಂದನ ಕಿವಿ ಕೆಂಪಾಯಿತು. ತಾಯಿಯ ಕಡೆ ನೋಡಿದ. ದುರ್ಗಮ್ಮ ಬೇಕೆಂದೇ ಹಿತ್ತಲ ಕಡೆ ನೋಡುತ್ತಿದ್ದಳು. ಅವನು ಬಗ್ಗಿ ತನ್ನ ಎಲೆ ಎತ್ತಿಕೊಂಡು, ಮೆಣಸಿನಕಾಯಿ ಬೀಳದಂತೆ ಎರಡೂ ಕೈಯಲ್ಲಿ ಹಿಡಿದು ಹೊರಟ. ಕಂಬಕ್ಕೆ ಒರಗಿ ನಿಂತಿದ್ದ ಮಾರಪ್ಪ, "ಇನ್ನೇನು, ಹೋಗಿದ್ದು ಹೋಯ್ತು" ಎನ್ನುತ್ತ ತನ್ನದನ್ನೂ ಎತ್ತಿದ. ಜನಾರ್ದನ ಗೊಣಗುತ್ತಲೇ ಹಿಂಬಾಲಿಸಿದ.

ಎಲ್ಲರೂ ಹಾಲಮ್ಮನವರ ಮುಖ ನೋಡಿದರು. ಶಾಸ್ತ್ರದ ಮಾತು ಬಂದರೆ ಆ ಮನೆಯಲ್ಲಿ ಅವರದೇ ಕೊನೆಯ ಮಾತು. ಹಾಲಮ್ಮ ಖಾಲಿಯಾದ ಪಂಕ್ತಿಯನ್ನು ನೋಡಿದರು. ನೆಲ ಬಳಿಯುವ ಕೆಲಸವಷ್ಟೇ ಉಳಿದಿತ್ತು.

"ಒಬ್ಬರು ಎತ್ತಿದ್ರೆ ಸಂಬಂಧ ಬೇಡ ಅಂತ ನಮ್ಮವ್ವ ಹೇಳ್ತಿದ್ಲು" ಎಂದರು ನಿಧಾನಕ್ಕೆ. "ಎಲ್ಲರೂ ಎತ್ತಿದ್ರೆ ಏನಂತ ಹೇಳಿಲ್ಲ."

"ಹೇಳ್ದೇ ಇದ್ರೆ ಒಳ್ಳೇದೇ ಇರಬೇಕು ಬಿಡಿ" ಎಂದಳು ನಂಜಮ್ಮ ಅಡುಗೆಮನೆಯ ಹೊಸ್ತಿಲಿನಿಂದ. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು. "ತಾಂಬೂಲ ತರೋಕೆ ನಿಮ್ಮ ತಮ್ಮನಿಗೆ ಹೇಳಿ ಅತ್ತಿಗೆ. ನಮಗೂ ಹಸಿವಾಗ್ತಿದೆ."

ತಾಂಬೂಲ ಬದಲಾಯಿತು. ಆಮೇಲೆ ಹೆಂಗಸರ ಪಂಕ್ತಿ ಕೂತಿತು. ಹೋಳಿಗೆ ಇನ್ನೂ ಬೆಚ್ಚಗಿತ್ತು.

ಮದುವೆಯಾಗಿ ಇಂಪನಾ ಭದ್ರಾವತಿಗೆ ಬಂದಳು. ಸಿದ್ದಯ್ಯನವರು ಮಗಳನ್ನು ನೋಡಲು ಆಗಾಗ ಬರುತ್ತಾರೆ, ಯಾವಾಗಲೂ ಸರಿಯಾಗಿ ಊಟದ ಹೊತ್ತು ಕಳೆದ ಮೇಲೆ. ಎಷ್ಟು ಕರೆದರೂ "ಉಂಡೇ ಬಂದೆ ಬೀಗಿತ್ತಿ" ಎಂದು ಎರಡೂ ಕೈ ಮುಗಿಯುತ್ತಾರೆ. ದುರ್ಗಮ್ಮ ಬಲವಂತ ಮಾಡುವುದಿಲ್ಲ. ಒಂದು ಲೋಟ ಕಾಫಿ ತಂದುಕೊಡುತ್ತಾಳೆ. ಕಾಫಿ ಕುಡಿದ ಮೇಲೆ ತೊಳೆಯಲು ಲೋಟವೊಂದು ಉಳಿಯುತ್ತದೆಂಬುದು ಅವರಿಗೆ ಮೊದಲ ಸಲ ಹೊಳೆದಿರಲಿಲ್ಲ.