ತ್ರಿಶೂರಿಗೆ ಬರಿಗೊರಳು, ಸೋನ್ಯಾಳಕ್ಕೆ ಸರ

ತ್ರಿಶೂರಿನಲ್ಲಿ ರೈಲು ಇಳಿದ ಬೆಳಿಗ್ಗೆ ಬಸಗೊಂಡ ಮಾವ ನನಗೆ ಚಹಾ ಕೊಡುವುದಕ್ಕೂ ಮೊದಲು ಹೇಳಿದ ಮಾತು, ‘ಕಿವ್ಯಾಂದು ತಗಿ’ ಎಂದು.

ಕಿವಿಯಲ್ಲಿದ್ದದ್ದು ಅಜ್ಜ ಹಾಕಿಸಿದ್ದ ಸಣ್ಣ ಬಂಗಾರದ ಮುರುವು. ತೊಟ್ಟಿಲಲ್ಲಿದ್ದಾಗಿನಿಂದ ಇದ್ದದ್ದು. ಸೋಪು ಹಚ್ಚಿ ತಿರುವಿದೆವು, ಬರಲಿಲ್ಲ. ಕೊನೆಗೆ ಮಾವ ಇಕ್ಕಳ ತಂದರು. ರಕ್ತ ಬಂತು.

‘ಯಾಕ್ರಿ ಮಾವಾ?’

‘ಕೇಳಬ್ಯಾಡ. ಒಲಿ ಮುಂದ ಕುಂದ್ರವ್ನ ಮೈಮ್ಯಾಲೆ ಗುಂಜಿ ಬಂಗಾರಾನೂ ಇರಬಾರ್ದು.’

ಬೆಂಕಿಗೆ ಲೋಹ ಕಾದು ಚರ್ಮ ಸುಡುತ್ತದೆ, ಅದಕ್ಕೇ ಇರಬೇಕು ಎಂದುಕೊಂಡೆ. ತಪ್ಪಾಗಿ ತಿಳಿದಿದ್ದೆ ಎಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ನಮ್ಮ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ಇದಕ್ಕೆ ಗಲಾಯಿ ಎನ್ನುತ್ತಾರೆ. ಅಕ್ಕಸಾಲಿಗರು ತರುವ ಹಳೆಯ ಒಡವೆಗಳನ್ನು ಮೂಸೆಯಲ್ಲಿ ಕರಗಿಸಿ, ತೇಜಾಬಿನಲ್ಲಿ, ಅಂದರೆ ಆಮ್ಲದಲ್ಲಿ, ಕಸರು ತೆಗೆದು, ಚೊಕ್ಕ ಗಟ್ಟಿ ಮಾಡಿ ಕೊಡುವುದು. ಸಾಂಗಲಿ ಜಿಲ್ಲೆಯವರು ಈ ಕಸುಬು ಹಿಡಿದು ದೇಶದ ಮೂಲೆ ಮೂಲೆಗೆ ಹೋಗಿದ್ದಾರೆ. ಜತ್ತ ತಾಲೂಕಿನ ಸೋನ್ಯಾಳದಿಂದ ನಾನೂ ಹಾಗೇ ಮಾವನ ಅಂಗಡಿಗೆ ಹೋದವನು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದೆ. ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ಕೈಗೆ ಕೆಲಸ ಬಂದಿದೆ, ಆ ಕೆಲಸದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವನಲ್ಲ.

ಮೊದಲ ದಿನ ಊಟದ ಹೋಟೆಲಿನಲ್ಲಿ ಗುಲಾಬಿ ಬಣ್ಣದ ಬಿಸಿನೀರು ತಂದಿಟ್ಟರು. ಯಾರೋ ಬಣ್ಣದ ಬಟ್ಟೆ ಅದ್ದಿದ ನೀರೆಂದು ನಾನು ಕೈ ತೊಳೆದುಕೊಂಡೆ. ಅದು ಮರದ ಚಕ್ಕೆ ಹಾಕಿ ಕುದಿಸಿದ ಕುಡಿಯುವ ನೀರು! ಪಕ್ಕದ ಟೇಬಲಿನವರು ನಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ನಮ್ಮಲ್ಲಾದರೆ ನಕ್ಕು, ‘ಯಾವೂರವಾ ನೀ? ಯಾರ ಪೈಕಿ?’ ಎಂದು ಕೇಳಿ, ಅರ್ಧ ಗಂಟೆಯಲ್ಲಿ ಸಂಬಂಧ ಹುಡುಕಿಬಿಡುತ್ತಿದ್ದರು. ತ್ರಿಶೂರಿನಲ್ಲಿ ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ನಾವು ಕನ್ನಡದವರು, ವಿಜಯಪುರಕ್ಕೆ ಹೋದರೆ ಮಹಾರಾಷ್ಟ್ರದವರು, ಇಲ್ಲಿ ಬರೀ ‘ಸೇಟ್ಟು’. ಉತ್ತರದಿಂದ ಬಂದ ಚಿನ್ನ-ಬೆಳ್ಳಿಯವರೆಲ್ಲರಿಗೂ ಇಲ್ಲಿ ಅದೊಂದೇ ಹೆಸರು.

ಮದುವೆಯಾಗಿ ಕಸ್ತೂರಿ ಬಂದ ಮೇಲೆ ಕೋಣೆ ಮನೆಯಾಯಿತು. ಅವಳು ಊರಿನ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿಯಲು ಶುರು ಮಾಡಿದ ದಿನ ಕೆಳಗಿನ ಮನೆಯ ಅಮ್ಮ ಓಡಿ ಬಂದರು, ಗಂಡ ಹೆಂಡತಿಗೆ ಹೊಡೆಯುತ್ತಿದ್ದಾನೆ ಎಂದುಕೊಂಡು. ಕಸ್ತೂರಿ ಒಂದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೈಗಿಟ್ಟಳು. ಅಂದಿನಿಂದ ಬಡಿಯುವ ಸದ್ದು ಕೇಳಿದರೆ ಆ ಅಮ್ಮನ ತಟ್ಟೆ ನಮ್ಮ ಮಹಡಿಗೆ ಬರುತ್ತದೆ. ಹೊರನಾಡಿನಲ್ಲಿ ನಾವು ಗೆದ್ದ ಮೊದಲ ಮನೆ ಅದು.

ಅಂಗಡಿ ಗೆಲ್ಲುವುದು ಅಷ್ಟು ಸುಲಭವಿರಲಿಲ್ಲ. ವಯಸ್ಸಾದ ಮಾವ ಊರಿಗೆ ಹೊರಟರು. ಹೋಗುವಾಗ ನನ್ನನ್ನು ಒಲೆಯ ಮುಂದೆ ಕೂರಿಸಿ ಹೇಳಿದರು:

‘ಅಂಗಡಿ ನಿನ್ನ ಕೈಯಾಗ ಕೊಡ್ತೀನಿ. ಖರೆ ನನ್ನ ಹೆಸರ ನನ್ನ ಕೂಡ ಊರಿಗಿ ಬರ್ತೈತಿ. ನಿನ್ನ ಹೆಸರ ನೀ ಮಾಡ್ಕೋಬೇಕು. ದಸರಾತನಕ ನೋಡ್ತೀನಿ. ಗಿರಾಕಿ ನಿಂದ್ರಲಿಲ್ಲಂದ್ರ ಬ್ಯಾರೆಯವ್ರಿಗಿ ಕೊಡ್ತೀನಿ. ಸಿಟ್ಟಾಗಬ್ಯಾಡ.’

ಸಿಟ್ಟೇನೂ ಬರಲಿಲ್ಲ. ಆದರೆ ಅಂಗಡಿ ಹೋದರೆ ಮತ್ತೆ ಇನ್ನೊಬ್ಬರ ಒಲೆ ಊದಬೇಕು. ಇಷ್ಟು ವರ್ಷದ ಮೇಲೆ ಅದು ನನ್ನಿಂದಾಗದ ಮಾತು.

ಕಸ್ತೂರಿಯ ತಮ್ಮ ರವಿ ಜತ್ತದಲ್ಲಿ ಫ್ಲೆಕ್ಸ್ ಮಾಡುವವನು. ನಮ್ಮ ಕಡೆ ಹುಟ್ಟುಹಬ್ಬವಿರಲಿ, ಹೊಸ ಟ್ರ್ಯಾಕ್ಟರ್ ಇರಲಿ, ಫ್ಲೆಕ್ಸ್ ಬೇಕೇ ಬೇಕು. ಅವನು ಫೋನಿನಲ್ಲಿ ದಾಜಿಗೆ, ಅಂದರೆ ಅಕ್ಕನ ಗಂಡನಾದ ನನಗೆ, ಪಾಠ ಹೇಳಿದ.

‘ದಾಜಿ, ಈಗ ಬರೇ ಕೆಲಸ ಚಲೋ ಇದ್ರ ಸಾಲಂಗಿಲ್ರಿ. ಮಾರಿ ಕಾಣಬೇಕು. ಇದಕ್ಕ ಪರ್ಸನಲ್ ಬ್ರ್ಯಾಂಡಿಂಗ್ ಅಂತಾರ. ಅಂಗಡಿ ಹೆಸರ ಯಾರೂ ನೆನಪಿಡಂಗಿಲ್ಲ, ಮನಷ್ಯಾನ್ನ ನೆನಪಿಡ್ತಾರ.’

ಕಸ್ತೂರಿ ಅಡುಗೆ ಒಲೆಯ ಮುಂದಿನಿಂದಲೇ ಅಂದಳು: ‘ಮಾರಿ ನೋಡಿ ಬಂಗಾರ ಕೊಡ್ತಾರೇನ್ರಿ? ಅವ್ರೇನು ವರಾ ನೋಡಾಕ ಬಂದಾರೇನು?’

ನಾನು ರವಿಯ ಮಾತು ಕೇಳಿದೆ. ಅವನ ಮದುವೆಯಲ್ಲಿ ತೆಗೆದ ನನ್ನ ಫೋಟೋ ಒಂದಿತ್ತು. ಬಿಳಿ ಅಂಗಿ, ಕೊರಳಲ್ಲಿ ದಪ್ಪ ಬಂಗಾರದ ಸರ. ಸರ ಎರವಲು ತಂದದ್ದಲ್ಲ. ನನ್ನ ದುಡಿಮೆಯಲ್ಲಿ ಜತ್ತದ ಸರಾಫರ ಹತ್ತಿರ ಮಾಡಿಸಿದ್ದು. ಸೋನ್ಯಾಳದಲ್ಲಿ ಅವ್ವನ ಪೆಟ್ಟಿಗೆಯಲ್ಲಿರುತ್ತದೆ, ಊರಿಗೆ ಹೋದಾಗ ಹಾಕಿಕೊಳ್ಳುತ್ತೇನೆ. ಗಲಾಯಿಗೆ ಹೋದವನು ಊರಲ್ಲಿ ಬಸ್ಸು ಇಳಿದಾಗ ಜನ ಮೊದಲು ನೋಡುವುದೇ ಕೊರಳು. ಮುಖ ಆಮೇಲೆ.

ರವಿ ಆ ಫೋಟೋದ ಹಿಂದೆ ಉರಿಯುವ ಬೆಂಕಿ ಇಟ್ಟು, ಮಲಯಾಳದಲ್ಲಿ ‘ವಿಶ್ವಾಸಂ’ ಎಂದು ಬರೆಸಿ ಕಳಿಸಿದ. ವಿಶ್ವಾಸಂ ಎಂದರೆ ನಂಬಿಕೆ. ಇಲ್ಲಿ ಅಚ್ಚು ಹಾಕಿಸಿ ಬಾಗಿಲ ಮೇಲೆ ಕಟ್ಟಿದೆ. ಫೋನಿನಲ್ಲೂ ಹಾಕಿದೆ. ಓಣಿಗೆಲ್ಲ ಕಾಣುವಂತೆ ನಾನು ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಎದೆ ಉಬ್ಬಿತ್ತು.

ಗಿರಾಕಿ ಹೆಚ್ಚಾಗಲಿಲ್ಲ. ಇದ್ದವರೂ ಕಡಿಮೆಯಾದರು. ಕೇಳಿದರೆ ‘ಈಗ ಕೆಲಸವಿಲ್ಲ’ ಎನ್ನುತ್ತಿದ್ದರು. ಆದರೆ ಅವರೇ ಮೂಲೆಯಾಚೆಯ ಬೇರೆ ಅಂಗಡಿಗೆ ಹೋಗುವುದನ್ನು ಕಸ್ತೂರಿ ಕಂಡಿದ್ದಳು. ಮಳೆಗಾಲ ಮುಗಿಯುತ್ತ ಬಂತು. ಒಲೆ ತಣ್ಣಗಿರುವ ದಿನಗಳು ಹೆಚ್ಚಾದವು. ಊರಿನಲ್ಲಿ ಮೋಡ ಕಂಡರೆ ಜೀವ ಹಗುರಾಗುತ್ತಿತ್ತು. ಇಲ್ಲಿ ಆ ಎಡೆಬಿಡದ ಮಳೆ ಎದೆಯ ಮೇಲೇ ಸುರಿದಂತಿತ್ತು.

ಒಂದು ಮಧ್ಯಾಹ್ನ ರಾಘವೇಟ್ಟನ್ ಬಂದರು. ಏಟ್ಟನ್ ಎಂದರೆ ಅಣ್ಣ. ಮಾವನ ಕಾಲದಿಂದ ಬರುವ ಹಿರಿಯ ಅಕ್ಕಸಾಲಿಗ. ಕೈಯಲ್ಲಿ ಗಂಟಿರಲಿಲ್ಲ. ಕೊಡೆ ಮಡಚಿ, ಫ್ಲೆಕ್ಸಿನ ಕಡೆ ತೋರಿಸಿ ಕೇಳಿದರು:

‘ಸೇಟ್ಟೇ, ಈ ಮಾಲ ಆರುಡೆಯಾ?’

ಈ ಸರ ಯಾರದು ಎಂದು.

ನನ್ನ ಮೈ ಉರಿದುಹೋಯಿತು. ‘ನನ್ನದು. ದುಡಿದು ಮಾಡಿಸಿದ್ದು’ ಎಂದೆ. ದನಿ ಏರಿತ್ತು. ಊಟದ ಡಬ್ಬಿ ತಂದಿದ್ದ ಕಸ್ತೂರಿ ಒಳಗಿನಿಂದ ಇಣುಕಿದಳು.

‘ನನಗೆ ಗೊತ್ತು’ ಎಂದರು ರಾಘವೇಟ್ಟನ್. ‘ಗೊತ್ತಿರುವುದಕ್ಕೇ ಬಂದು ಕೇಳಿದೆ. ಉಳಿದವರು ಕೇಳುವುದಿಲ್ಲ. ಬರುವುದನ್ನು ಬಿಡುತ್ತಾರೆ, ಅಷ್ಟೇ. ಬೇರೆಯವರ ಚಿನ್ನ ಕರಗಿಸುವವನ ಕೊರಳಲ್ಲಿ ಚಿನ್ನ ಕಂಡರೆ, ತನ್ನದು ಎಷ್ಟು ಅದರೊಳಗೆ ಸೇರಿದೆಯೋ ಎಂದು ಒಬ್ಬೊಬ್ಬನೂ ಲೆಕ್ಕ ಹಾಕುತ್ತಾನೆ. ನಿನ್ನ ಮಾವನ ಮೈಮೇಲೆ ಇಷ್ಟು ವರ್ಷದಲ್ಲಿ ಒಂದು ಉಂಗುರ ನೋಡಿದ್ದೀಯಾ?’

ನೋಡಿರಲಿಲ್ಲ. ಕಿವಿಯ ಮುರುವು, ಇಕ್ಕಳ, ರಕ್ತ, ಎಲ್ಲ ಒಮ್ಮೆಗೇ ನೆನಪಾಯಿತು. ಮಾವ ಹೆಸರು ಮಾಡಿದ್ದು ಆ ಬರಿಗೊರಳಿನಿಂದ. ಅದನ್ನು ಅವರು ಮೊದಲ ದಿನವೇ ನನಗೂ ಕೊಟ್ಟಿದ್ದರು. ನಾನು ಅದನ್ನು ಬೆಂಕಿಯ ಜಾಗ್ರತೆ ಎಂದುಕೊಂಡಿದ್ದೆ.

ರಾಘವೇಟ್ಟನ್ ಓಣಿ ದಾಟುವ ಮೊದಲೇ ಏಣಿ ಹಾಕಿ ಫ್ಲೆಕ್ಸ್ ಇಳಿಸಿದೆ. ಫೋನಿನಲ್ಲಿದ್ದದ್ದನ್ನೂ ತೆಗೆದೆ. ಒಂದು ತಗಡಿನ ಮೇಲೆ ‘ಸಿದ್ದಪ್ಪ, ಗಲಾಯಿ’ ಎಂದಷ್ಟೇ ಬರೆಸಿದೆ. ರವಿ ಫೋನು ಮಾಡಿ ಸಿಟ್ಟಾದ.

‘ದಾಜಿ, ನಿಮ್ಮ ಮಾರಿನ ಇಲ್ಲದ ಬೋರ್ಡ ಯಾವ ಬ್ರ್ಯಾಂಡ್ರಿ?’

‘ನಿಮ್ಮ ಜತ್ತದಾಗ ಅದು ನಡೀತೈತಪಾ. ಇಲ್ಲಿ ನನ್ನ ಬರೇ ಕೊರಳ ನಡೀತೈತಿ’ ಎಂದೆ. ಅವನಿಗೆ ತಿಳಿಯಲಿಲ್ಲ. ತಿಳಿಸುವುದು ಕಷ್ಟ.

ಒಬ್ಬೊಬ್ಬರಾಗಿ ಬರತೊಡಗಿದರು. ಮೊದಲು ಸಣ್ಣ ಸಣ್ಣ ಕೆಲಸ, ಒಂದು ಮುರಿದ ಓಲೆ, ಒಂದು ಉಂಗುರ. ಎದುರಿನ ಸ್ಟೂಲಿನ ಮೇಲೆ ಕುಳಿತು, ಮೂಸೆಯಿಂದ ಕಣ್ಣು ಕೀಳದೆ ನೋಡುತ್ತಿದ್ದರು. ನೋಡುವುದು ಅವರ ಹಕ್ಕು. ಈ ಕಸುಬಿನಲ್ಲಿ ಗಿರಾಕಿ ಕಣ್ಣು ಮಿಟುಕಿಸಲೂ ಹೆದರುತ್ತಾನೆ.

ದಸರೆ ಹತ್ತಿರವಾದಾಗ ರಾಘವೇಟ್ಟನ್ ಮತ್ತೆ ಬಂದರು, ಈ ಸಲ ದೊಡ್ಡ ಗಂಟಿನೊಂದಿಗೆ. ಒಂದು ಮದುವೆ ಮನೆಯ ಹಳೆಯ ಒಡವೆಗಳೆಲ್ಲ ಇದ್ದವು. ಮೂಸೆಗೆ ಹಾಕಿದೆ. ಒಲೆ ಕೆಂಪಾಯಿತು. ಬಂಗಾರ ಇನ್ನೇನು ನೀರಾಗಬೇಕು, ಅವರು ಸ್ಟೂಲಿನಿಂದ ಎದ್ದರು.

‘ಎಲ್ಲಿಗೆ?’ ಎಂದೆ, ಗಾಬರಿಯಾಗಿ.

‘ಚಾಯ ಕುಡಿದು ಬರುತ್ತೇನೆ’ ಎಂದು ಬೆನ್ನು ತಿರುಗಿಸಿ ಹೋದರು.

ಓಣಿಯಲ್ಲಿ ಹೋಗುವವರೆಲ್ಲ ನೋಡಿದರು: ಉರಿವ ಒಲೆ, ಅದರಲ್ಲಿ ಪರರ ಬಂಗಾರ, ಎದುರಿಗೆ ಖಾಲಿ ಸ್ಟೂಲು. ತೋಳಿನಿಂದ ಕಣ್ಣೊರೆಸಿಕೊಂಡು ಇಕ್ಕಳದಿಂದ ಮೂಸೆ ತಿರುವಿದೆ. ಬೆಂಕಿಯ ಮುಂದೆ ನಾನು ಅಳುವವನಲ್ಲ, ಹೊಗೆ ಎಂದುಕೊಳ್ಳಿ. ಕಸ್ತೂರಿ ಮಾವನಿಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿ, ‘ಚಾ ಕುಡ್ಯಾಕ ಹೋದ್ನ? ಹಂಗಾದ್ರ ಅಂಗಡಿ ನಮ್ಮ ಸಿದ್ದಪ್ಪಂದ’ ಎಂದರಂತೆ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆ ದೀಪಾವಳಿಗೆ ಊರಿಗೆ ಹೋದಾಗ, ಇನ್ನು ಮೇಲೆ ಎಲ್ಲ ಕಡೆ ಒಬ್ಬನೇ ಮನುಷ್ಯನಾಗಿರುತ್ತೇನೆ ಎಂದು ಬರಿಗೊರಳಿನಲ್ಲೇ ಇದ್ದೆ. ಕಟ್ಟೆಯ ಮೇಲಿನ ಹಿರಿಯರೊಬ್ಬರು ಬೀದಿಗೆ ಕೇಳುವಂತೆ ಅಂದರು:

‘ಏನೋ ಸಿದ್ದಪ್ಪಾ, ದಿನಾ ಮಂದಿ ಬಂಗಾರ ಕರಗಸ್ತಿ. ನಿನ್ನ ಸರಾನೂ ಅದರಾಗ ಕರಗಿತೇನು?’

ಎಲ್ಲರೂ ನಕ್ಕರು. ಸಂಜೆಯ ಹೊತ್ತಿಗೆ ನನ್ನ ಅಂಗಡಿ ಮುಳುಗಿತೆಂದು ಪಕ್ಕದೂರು ಮಾಡಗ್ಯಾಳದವರೆಗೂ ಸುದ್ದಿ ಹೋಗಿತ್ತು. ನಾನು ಅವ್ವನಿಗೆ ರಾಘವೇಟ್ಟನ್ ಕಥೆ ಹೇಳಿದೆ, ಖಾಲಿ ಸ್ಟೂಲಿನ ಕಥೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಪೆಟ್ಟಿಗೆಯಿಂದ ಸರ ತಂದಳು.

‘ಅದೆಲ್ಲಾ ಅಲ್ಲಿ ಖರೆ ಇರ್ತೈತಿ ತಮ್ಮಾ. ನೀ ಹ್ವಾದ ಮ್ಯಾಲೆ ಈ ಊರಾಗ ಇರಾಕಿ ನಾ. ನನ್ನ ಸಲುವಾಗಿ ಹಾಕ್ಕೊ.’

ಹಾಕಿಕೊಂಡೆ. ಈಗಲೂ ಹಾಕಿಕೊಳ್ಳುತ್ತೇನೆ. ಪ್ರತಿ ಸಲ ಅವಳು ಕೊಂಡಿ ಸಿಕ್ಕಿಸುವಾಗ ‘ಈ ಮಾಲ ಆರುಡೆಯಾ?’ ಎಂಬ ದನಿ ಕಿವಿಯಲ್ಲಿ ಕೇಳುತ್ತದೆ. ಮುರುವಿನ ತೂತು ಎಂದೋ ಮುಚ್ಚಿಹೋಗಿರುವ ಅದೇ ಕಿವಿಯಲ್ಲಿ.

ಹೊರಡುವ ದಿನ ನನ್ನ ತಮ್ಮ ಮಹಾದೇವ ಮಿರಜ್ ಸ್ಟೇಷನ್ನಿನವರೆಗೂ ಬರುತ್ತಾನೆ. ರೈಲು ಬರುವ ಹೊತ್ತಿಗೆ ಕೊಂಡಿ ಬಿಚ್ಚಿ ಸರವನ್ನು ಅವನ ಅಂಗೈಗೆ ಹಾಕುತ್ತೇನೆ. ಅದು ಇನ್ನೂ ನನ್ನ ಮೈಯಷ್ಟೇ ಬೆಚ್ಚಗಿರುತ್ತದೆ. ಅವನು ಅದನ್ನು ಒಳಜೇಬಿಗೆ ಇಟ್ಟು ಗುಂಡಿ ಹಾಕಿಕೊಂಡು, ‘ಲಗೂನ ಬಾರಣ್ಣಾ’ ಎನ್ನುತ್ತಾನೆ. ರೈಲು ಬಿಟ್ಟ ಮೇಲೂ ಬಹಳ ದೂರದವರೆಗೆ ನನ್ನ ಕೈ ಮತ್ತೆ ಮತ್ತೆ ಕೊರಳಿಗೆ ಹೋಗುತ್ತಿರುತ್ತದೆ.