ಹೆಣ್ಣು ಹೆತ್ತವಳಿಗೆ ಎಂಬತ್ತು ದಿನ

ಮಗಳು ಹುಟ್ಟಿ ಇಪ್ಪತ್ತಾರು ದಿನವಾಗಿತ್ತು. ಆ ಶುಕ್ರವಾರ ಅವಳನ್ನೆತ್ತಿಕೊಂಡು ಗಂಡನ ಜೊತೆ ಗಲ್ಫಿನ ಫಿಂಟಾಸ್‌ನ ಪ್ರಾರ್ಥನಾಕೂಟಕ್ಕೆ ಹೋದೆ. ಕರಾವಳಿಯ ಏಳೆಂಟು ಕ್ರೈಸ್ತ ಕುಟುಂಬಗಳು ಒಬ್ಬ ಹಿರಿಯರ ಫ್ಲ್ಯಾಟಿನಲ್ಲಿ ಸೇರುತ್ತಿದ್ದೆವು. ಅವರಿಗೆ ನಗರದ ಶರ್ಕ್‌ನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆ. ಬೈಬಲ್ಲಿಗೆ ಅರ್ಥ ಹೇಳುವ ಅಧಿಕಾರವನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ, ಅವರೇ ತೆಗೆದುಕೊಂಡಿದ್ದರು.

ನಾನು ಒಯ್ದಿದ್ದ ಕೋಳಿ ಸುಕ್ಕದ ಪಾತ್ರೆಯನ್ನು ಅವರು ಬಾಗಿಲಲ್ಲೇ ತಡೆದರು. "ಅದು ಅಲ್ಲೇ ಇರ್ಲಿ. ಇವತ್ತು ಯಾಜಕಕಾಂಡ ಹನ್ನೆರಡನೇ ಅಧ್ಯಾಯ. ನೀನೂ ಕೇಳು."

ಓದಿದರು. ಇಸ್ರಾಯೇಲರಲ್ಲಿ ಗಂಡು ಹೆತ್ತವಳಿಗೆ ಶುದ್ಧಳಾಗಲು ನಲವತ್ತು ದಿನ, ಹೆಣ್ಣು ಹೆತ್ತವಳಿಗೆ ಎಂಬತ್ತು. ಆಮೇಲೆ ಒಂದು ಕುರಿಮರಿ, ಒಂದು ಪಾರಿವಾಳ. ಬಡವಳಾದರೆ ಎರಡು ಪಾರಿವಾಳ. ಅವನ್ನು ಯಾಜಕನಿಗೆ ಒಪ್ಪಿಸಿ ದೋಷಪರಿಹಾರ ಮಾಡಿಸಿಕೊಳ್ಳಬೇಕು.

"ಅವರೂ ಮರುಭೂಮಿಯಲ್ಲಿದ್ರು, ನಾವೂ ಮರುಭೂಮಿಯಲ್ಲಿದ್ದೇವೆ," ಎಂದು ನಕ್ಕರು. "ಪಾರಿವಾಳ ಬೇಡ. ಎಂಬತ್ತು ದಿನ ಕಳೆದ ಮೇಲೆ ಬಾ, ಸಾಕು."

ಕೆಲವರು ಜೊತೆಗೆ ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನನ್ನ ಗಂಡ ತಲೆ ತಗ್ಗಿಸಿ ಕಾರ್ಪೆಟ್ ನೋಡುತ್ತಿದ್ದ. ಹೊಲಿಗೆಯ ನೋವಿನಲ್ಲೇ ಎದ್ದು ನಿಂತೆ.

"ಅಂಕಲ್, ಹೋದ ವರ್ಷ ನಿಮ್ಮ ಆಪರೇಷನ್ ಆದಾಗ ರಕ್ತ ತುಂಬಿದ ಮೂತ್ರದ ಚೀಲ ಬದಲಾಯಿಸಿದ ನರ್ಸ್ ನಾನೇ ಅಲ್ವಾ? ಆಗ ನನ್ನ ಕೈ ಶುದ್ಧ ಉಂಟಾ ಅಂತ ಕೇಳಿದ್ರಾ?"

"ಅದು ಡ್ಯೂಟಿ. ಇದು ದೇವರ ಲಾ."

"ಹಾಗಾದ್ರೆ ಹದಿನೈದನೇ ಅಧ್ಯಾಯವೂ ಓದಿ. ಹೆಂಡತಿ ಜೊತೆ ಮಲಗಿದ ಗಂಡಸು ಸ್ನಾನ ಮಾಡಿದ್ರೂ ಸಂಜೆವರೆಗೆ ಅಶುದ್ಧ. ಇಲ್ಲಿಂದ ಎಷ್ಟು ಜನ ಎದ್ದು ಹೊರಗೆ ಹೋಗ್ಬೇಕು, ಹೇಳಿ."

ಪಾತ್ರೆ ಎತ್ತಿಕೊಂಡು ಹೊರಟೆ.

ಕಾರಿನಲ್ಲಿ ಗಂಡ, "ನೀನು ಹೇಳಿದ್ದು ಕರೆಕ್ಟ್ ಮಾರಾಯ್ತಿ," ಎಂದ.

"ಅಲ್ಲಿ ಹೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ?" ಎಂದು ಕಿರುಚಿದೆ. ಮಗು ಬೆಚ್ಚಿ ಅತ್ತಿತು. ಮೂರು ದಿನ ಅವನೊಡನೆ ಮಾತಾಡಲಿಲ್ಲ.

ನಾಲ್ಕನೆಯ ದಿನ ಆ ಹಿರಿಯರ ಹೆಂಡತಿ ಬಸ್ಸು ಹಿಡಿದು ಒಬ್ಬರೇ ನಮ್ಮ ಮನೆಗೆ ಬಂದರು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಾ, "ನನಗೆ ಮೂರೂ ಹೆಣ್ಣು," ಎಂದರು. "ಮೂರು ಸಲವೂ ಎಂಬತ್ತು ದಿನ ಬೇರೆ ತಟ್ಟೆ, ಬೇರೆ ಚಾಪೆ. ನೀನು ಕೇಳಿದ್ದನ್ನು ನಾನು ಒಂದು ಸಲವಾದ್ರೂ ಕೇಳ್ಬೇಕಿತ್ತು."

ಅಳು ಬರಬೇಕಿತ್ತೇನೋ. ನನಗೆ ಬಂದದ್ದು ಮತ್ತಷ್ಟು ಸಿಟ್ಟು. ಆ ಕೂಟಕ್ಕೆ ನಾನು ಮತ್ತೆ ಹೋಗಲಿಲ್ಲ. ಅವರು ಮಾತ್ರ ಪ್ರತಿ ಮಂಗಳವಾರ ಬಂದು ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಿದರು. ತಮ್ಮ ಗಂಡನಿಗೆ ಹೇಳಿಯೇ ಬರುತ್ತಿದ್ದರು.