ಆಯಿ ಹೇಳಿದ ಐದನೆಯ ಅರ್ಥ

ಇವತ್ತು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ "ದೊಡವಾಡ, ಲಗೂನ ಹತ್ರಿ" ಎಂದು ಕೂಗಿದಾಗ ಆಯಿ ನೆನಪಾದಳು.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಒಂದು ಬೆಳಿಗ್ಗೆ ಕುಸಿದು ಬಿದ್ದವಳು ಮಾತನ್ನೇ ಕಳೆದುಕೊಂಡಿದ್ದಳು. ಮತ್ತೆ ಮಾತು ಬರುವ ಭರವಸೆಯನ್ನು ಡಾಕ್ಟರೂ ಕೊಟ್ಟಿರಲಿಲ್ಲ. ಅವಳಿಗೆ ಬೇಸರವಾಗದಿರಲೆಂದು ನಾನೂ ಅಕ್ಕನೂ ಹಾಸಿಗೆಯ ಪಕ್ಕದಲ್ಲೇ ಅವಳು ಕಲಿಸಿದ ಆಟ ಆಡುತ್ತಿದ್ದೆವು. ಶಬ್ದ ಒಂದೇ, ಪ್ರತಿ ಸಲ ಅರ್ಥ ಬೇರೆಯಾಗಬೇಕು. ಒಂದು ದಿನ ಆರಿಸಿಕೊಂಡ ಶಬ್ದ ‘ಹತ್ತು’. ಅವ್ವ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿದ್ದಳು.

"ಹತ್ತು ಬೆರಳು," ಎಂದಳು ಅಕ್ಕ.

"ಮಾಳಿಗಿ ಹತ್ತು," ಎಂದೆ ನಾನು.

"ಒಲಿ ಹತ್ತೇತಿ."

"ಕೂಸು ಅಳಾಕ ಹತ್ತೇತಿ."

ಅಕ್ಕನಿಗೆ ಮುಂದಿನದು ಹೊಳೆಯಲಿಲ್ಲ. ನಾನು "ನೀ ಸೋತಿ" ಎನ್ನುವಷ್ಟರಲ್ಲಿ ಹಾಸಿಗೆಯಿಂದ ತೊದಲು ದನಿ ಬಂತು.

"ಹಾಲು... ತಳ ಹತ್ತೇತಿ."

ಹಾಲು ನಿಜಕ್ಕೂ ಸೀಯುತ್ತಿತ್ತು. ನಾವಿಬ್ಬರೂ ಒಲೆಯನ್ನು ಬಿಟ್ಟು ಹಿತ್ತಲಿಗೆ ಓಡಿದೆವು. "ಅವ್ವಾ, ಆಯಿ ಮಾತಾಡಿದ್ಳು."

ಅವ್ವ ಬಂದವಳೇ ಆಯಿಯ ಕೈ ಹಿಡಿದು ಕುಳಿತಳು. "ಅತ್ತಿ, ಇನ್ನೊಮ್ಮೆ ಅನ್ರಿ."

"ಮೊದಲ... ಪಾತೇಲಿ ಇಳಸ," ಎಂದು ಆಯಿ ಗದರಿಸಿದಳು.

ಇದನ್ನು ಬರೆಯುವಾಗಲೂ, ಆ ಗದರಿಕೆ ಕೇಳಿ ಅವ್ವ ಬಿಟ್ಟ ನಿರಾಳದ ಉಸಿರು ನನಗೆ ಕೇಳಿಸುತ್ತದೆ.